ಉಪಯೋಗಕ್ಕಿಲ್ಲದ ಹೆಸರುಗಳು

ಮನೆ ಗುಡಿಸುವ ವಿದ್ಯೆಯನ್ನು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯುಗಾದಿಗೆ ಮುಂಚೆ ಅಟ್ಟದ ಸಾಮಾನು ಇಳಿಸಿ, ನವರಾತ್ರಿಗೆ ಮುಂಚೆ ಬೀರು ಬರಿದು ಮಾಡಿ, ಯಾವುದು ಗುಜರಿಯವನಿಗೆ, ಯಾವುದು ಪಾತ್ರೆಯವಳಿಗೆ, ಯಾವುದು ಮತ್ತೆ ಅಟ್ಟಕ್ಕೆ ಎಂದು ವಿಂಗಡಿಸಿ ವಿಂಗಡಿಸಿ ನಮ್ಮ ಸೊಂಟ ಬಿದ್ದುಹೋಗಿದೆ. ಆದರೂ ಒಂದು ವಿಷಯ ಗಮನಿಸಿ. ಸೀಳಿದ ಬಕೆಟ್ಟನ್ನು ಹಿಂದುಮುಂದು ನೋಡದೆ ಎಸೆಯುವ ನಾವೇ, ಯಾವ ಬೀಗದ್ದೆಂದು ಗೊತ್ತಿಲ್ಲದ ಬೀಗದ ಕೈಯನ್ನು ಎಸೆಯುವುದಿಲ್ಲ. ‘ಯಾವ ಪೆಟ್ಟಿಗೆಯದೋ ಏನೋ, ಇರಲಿ’ ಎಂದು ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕಿಡುತ್ತೇವೆ. ಪ್ರತಿ ಮನೆಯಲ್ಲೂ ಅಂಥದೊಂದು ಬಾಟಲಿ ಇರುತ್ತದೆ. ನಿಮ್ಮಲ್ಲೂ ಇದೆ, ಬೇಕಾದರೆ ಹೋಗಿ ನೋಡಿ ಬನ್ನಿ.

ಅಷ್ಟು ವಿವೇಕವೂ ಇಲ್ಲದ ಪೊರಕೆಯೊಂದು ಈಗ ನಮ್ಮ ವಂಶವೃಕ್ಷಗಳ ಮೇಲೆ ಆಡುತ್ತಿದೆ. ಅದರ ಜೊತೆ ನನಗೊಂದು ಜಗಳವಿದೆ.

ಕಂಪ್ಯೂಟರಿನ ಹತ್ತಿರ ಹೋಗದವರಿಗಾಗಿ ಮೊದಲು ನಾಲ್ಕು ಮಾತು. ತಿಳಿದವರು ಅಷ್ಟರಲ್ಲಿ ಒಲೆಯ ಮೇಲಿನ ಹಾಲು ನೋಡಿ ಬರಬಹುದು. ವಂಶವೃಕ್ಷ ಬರೆಯುವುದಕ್ಕೆಂದೇ ತಂತ್ರಾಂಶಗಳಿವೆ. ಈ ವಿದ್ಯೆಯಲ್ಲಿ ಮುಂದಾದವರು ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ ಚರ್ಚಿನವರು. ಪೂರ್ವಿಕರ ಹೆಸರು ಹುಡುಕುವುದು ಅವರಿಗೆ ಧರ್ಮದ ಕೆಲಸ. ಒಂದು ಕಂಪ್ಯೂಟರಿನ ವಂಶವೃಕ್ಷವನ್ನು ಇನ್ನೊಂದು ಕಂಪ್ಯೂಟರು ಓದುವ ಹಾಗೆ 1984ರಲ್ಲಿ ಅವರು ‘ಜೆಡ್‌ಕಾಮ್’ ಎಂಬ ಒಂದು ಬರವಣಿಗೆಯ ಕ್ರಮ ಮಾಡಿದರು. ಇವತ್ತಿಗೂ ವಂಶವೃಕ್ಷಗಳು ಒಬ್ಬರಿಂದ ಒಬ್ಬರಿಗೆ ಹೋಗುವುದು ಹೆಚ್ಚಾಗಿ ಅದೇ ರೂಪದಲ್ಲಿ. ಅದರಲ್ಲಿ ಎರಡು ಬಗೆಯ ಚೀಟಿಗಳು ಮುಖ್ಯ. ಒಬ್ಬೊಬ್ಬ ವ್ಯಕ್ತಿಗೂ ಒಂದೊಂದು ಚೀಟಿ. ಒಂದೊಂದು ಸಂಸಾರಕ್ಕೂ ಒಂದೊಂದು ಚೀಟಿ. ಗಂಡ ಯಾರು, ಹೆಂಡತಿ ಯಾರು, ಮಕ್ಕಳು ಯಾರು ಎಂದು ಸಂಸಾರದ ಚೀಟಿಯಿಂದ ವ್ಯಕ್ತಿಗಳ ಚೀಟಿಗೆ ದಾರ ಕಟ್ಟಿರುತ್ತದೆ. ದಾರ ಹಿಡಿದು ಹೋದರೆ ಅಜ್ಜ, ಮುತ್ತಜ್ಜ, ಅವನಪ್ಪ ಎಲ್ಲರೂ ಸಿಗುತ್ತಾರೆ. ಯಾವ ದಾರವೂ ಮುಟ್ಟದ ಚೀಟಿಯೊಂದು ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದರೆ ಅದು ‘ಅನ್‌ಯೂಸ್ಡ್’. ಉಪಯೋಗಕ್ಕಿಲ್ಲದ್ದು.

ಇಂಥ ಚೀಟಿಗಳನ್ನು ಹುಡುಕಿ ತೆಗೆಯುವ ಉಪಕರಣಗಳೂ ಇವೆ. ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಉಪಕರಣವು ಯಾರಿಗೂ ಅಂಟಿಕೊಳ್ಳದ ಊರು, ಘಟನೆ, ಟಿಪ್ಪಣಿ, ಆಧಾರ, ಫೋಟೋ ಎಲ್ಲವನ್ನೂ ಪಟ್ಟಿ ಮಾಡಿ ಅಳಿಸಿಕೊಡುತ್ತದೆ. ಇನ್ನೊಂದು, ನಾವು ಆರಿಸಿಕೊಂಡ ಮನುಷ್ಯನಿಗೆ ಯಾವ ದಾರದಿಂದಲೂ ಸೇರದವರನ್ನೆಲ್ಲ ಎತ್ತಿ ತೋರಿಸುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಉಪಕರಣದ್ದು ಏನೂ ತಪ್ಪಿಲ್ಲ. ಅದು ಮೊದಲು ಪಟ್ಟಿ ತೋರಿಸುತ್ತದೆ, ಯಾವುದನ್ನು ತೆಗೆಯಲಿ ಎಂದು ಕೇಳುತ್ತದೆ. ಕೇಳುವ ಮಟ್ಟಿಗೆ ಅದು ನಮ್ಮ ಎಷ್ಟೋ ಮನೆಯ ಯಜಮಾನರಿಗಿಂತ ಮೇಲು. ನನ್ನ ಜಗಳ ಇರುವುದು ‘ಎಲ್ಲವನ್ನೂ ಆರಿಸು’ ಎಂಬ ಗುಂಡಿಯ ಜೊತೆ, ಅದನ್ನು ಓದದೆ ಒತ್ತುವ ಬೆರಳಿನ ಜೊತೆ, ಎಲ್ಲಕ್ಕಿಂತ ಹೆಚ್ಚಾಗಿ ‘ಉಪಯೋಗಕ್ಕಿಲ್ಲ’ ಎಂಬ ಆ ಮಾತಿನ ಜೊತೆ.

ನನ್ನ ಮೈದುನನ ಮಗ ಬೆಂಗಳೂರಿನಲ್ಲಿ ಇಂಜಿನಿಯರು. ಒಳ್ಳೆಯ ಹುಡುಗ. ಊರಿಗೆ ಬಂದಾಗ ಮೊಬೈಲು ಬದಿಗಿಟ್ಟು ದೊಡ್ಡವರ ಜೊತೆ ಕೂತು ಮಾತಾಡುವ, ಈಗಿನ ಕಾಲಕ್ಕೆ ಅಪರೂಪದ ಹುಡುಗ. ಕುಟುಂಬದವರೆಲ್ಲ ಒಂದು ಕಡೆ ಸೇರಬೇಕೆಂದು ಮಾತಾದಾಗ ವಂಶವೃಕ್ಷ ಮಾಡಿಸುವ ಭಾರ ಹೊತ್ತವನು ಅವನೇ. ನಮ್ಮತ್ತೆಯವರದೊಂದು ಹಳೆಯ ಲೆಕ್ಕದ ಪುಸ್ತಕ ನನ್ನ ಹತ್ತಿರ ಇತ್ತು. ಹಾಲಿನ ಲೆಕ್ಕ, ಅಡಿಕೆ ಸುಲಿಯುವವರ ಕೂಲಿಯ ಲೆಕ್ಕ, ಇವುಗಳ ನಡುವೆ ಯಾರ ಬಾಣಂತನ ಯಾವಾಗ ಆಯಿತು, ಯಾರನ್ನು ಯಾವ ಊರಿಗೆ ಕೊಟ್ಟಿದ್ದು, ಯಾರ ಮದುವೆಗೆ ಯಾರಿಂದ ಯಾವ ಪಾತ್ರೆ ಬಂತು ಎಂದೆಲ್ಲ ಬರೆದಿಟ್ಟಿದ್ದರು. ತಾವು ಕಂಡದ್ದು ಮಾತ್ರವಲ್ಲ, ತಮ್ಮ ಅತ್ತೆ ಹೇಳಿದ್ದನ್ನೂ ಬರೆದಿದ್ದರು. ಹುಡುಗ ಅದರ ಒಂದೊಂದು ಪುಟವನ್ನೂ ಫೋಟೋ ತೆಗೆದು, ಹೆಸರುಗಳನ್ನೆಲ್ಲ ತುಂಬಿಸಿದ. ನನಗೆ ತುಂಬ ಸಂತೋಷವಾಗಿತ್ತು.

ಒಂದು ತಿಂಗಳಾದ ಮೇಲೆ ಸಂದೇಶ ಬಂತು. ‘ದೊಡ್ಡಮ್ಮ, ಡೇಟಾಬೇಸ್ ಕ್ಲೀನ್ ಮಾಡಿದೆ. 63 ಹೆಸರು ಸುಮ್ಮನೆ ಇದ್ದವು. ಈಗ ಮರ ನೀಟಾಗಿದೆ.’

ಸುಮ್ಮನೆ ಇದ್ದವು! ಯಾವುವಪ್ಪಾ ಆ ಹೆಸರು, ಪಟ್ಟಿ ಕಳಿಸು ಅಂದೆ. ಕಳಿಸಿದ. ಕನ್ನಡಕ ಹಾಕಿಕೊಂಡು ಕೂತು ಎಣಿಸಿದೆ. 63ರಲ್ಲಿ ಗಂಡಸರದು ಒಂಬತ್ತು. ಉಳಿದ 54 ಹೆಂಗಸರು ಮತ್ತು ಕೂಸುಗಳು.

ಅವರು ಯಾರೆಂದು ನಿಮಗೂ ಹೇಳುತ್ತೇನೆ, ನಿಮ್ಮ ಮನೆಯ ಪಟ್ಟಿಯೂ ಇದಕ್ಕಿಂತ ಬೇರೆ ಇರಲಾರದು. 1918ರ ಇನ್‌ಫ್ಲುಯೆಂಜಾದಲ್ಲಿ ಹೋದ ಒಬ್ಬ ಮೊದಲ ಹೆಂಡತಿ. ಅತ್ತೆಯವರು ‘ದೊಡ್ಡ ಜ್ವರ’ ಎಂದು ಬರೆದಿದ್ದರು. ಯಾರ ಹೆಂಡತಿ ಎಂದು ಬರೆದಿರಲಿಲ್ಲ, ಆಗಿನವರಿಗೆಲ್ಲ ಗೊತ್ತಿದ್ದ ವಿಷಯ ಅದು. ‘ತೀರ್ಥಹಳ್ಳಿ ಕಡೆಗೆ ಕೊಟ್ಟವಳು’ ಎಂದು ಮಾತ್ರ ಇದ್ದ ಮೂವರು. ಗಂಡ ಸತ್ತು ತವರಿಗೆ ವಾಪಸು ಬಂದು, ಐವತ್ತು ವರ್ಷ ಅಡಿಗೆಮನೆಯಲ್ಲೇ ಕಳೆದು, ಇಡೀ ಮನೆಯ ಮಕ್ಕಳನ್ನು ಎರೆದು ಬೆಳೆಸಿದ ಒಬ್ಬ ಅತ್ತೆ. ಅವಳು ಯಾವ ಅಜ್ಜನ ಮಗಳು, ಯಾವ ಅಜ್ಜನ ತಂಗಿ ಎಂಬುದರಲ್ಲಿ ಈಗ ಇರುವ ಹಿರಿಯರಲ್ಲೇ ಎರಡು ಅಭಿಪ್ರಾಯ. ಎರಡು ಅಭಿಪ್ರಾಯ ಇದ್ದುದರಿಂದ ಹುಡುಗ ದಾರ ಕಟ್ಟಲಿಲ್ಲ, ದಾರ ಕಟ್ಟದ್ದರಿಂದ ಅವಳು ಉಪಯೋಗಕ್ಕಿಲ್ಲದವಳಾದಳು. ಇನ್ನು ‘ಹೆಣ್ಣು ಕೂಸು, ಹನ್ನೊಂದು ದಿನ’ ಎಂಬಂಥವು ಹತ್ತೊಂಬತ್ತು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವ ಮನೆಯಲ್ಲಿ ಹನ್ನೊಂದೇ ದಿನ ಇದ್ದು ಹೋದ ಮಗು. ಕಂಪ್ಯೂಟರು ಹೆಸರು ಕೇಳುತ್ತದೆ, ಇವಕ್ಕೆ ಹೆಸರಿಲ್ಲ. ಬರೆದವಳಿಗೆ ಮಾತ್ರ ದಿನದ ಲೆಕ್ಕ ತಪ್ಪಿರಲಿಲ್ಲ.

ದಾರವಿಲ್ಲದವರಲ್ಲಿ ಹೆಂಗಸರೇ ಏಕೆ ಹೆಚ್ಚು? ಹುಡುಗ ಹೆಣ್ಣೆಂದು ನೋಡಿ ಅಳಿಸಿದ್ದಲ್ಲ, ಪಾಪ. ದಾರಗಳನ್ನು ಮೊದಲೇ ನಾವು ಹಾಗೆ ಕತ್ತರಿಸಿಟ್ಟಿದ್ದೇವೆ. ಗಂಡುಮಗ ಹುಟ್ಟಿದ ಮನೆಯಲ್ಲೇ ಇರುತ್ತಾನೆ. ಅವನ ಅಪ್ಪ, ಅಜ್ಜನ ಹೆಸರು ಪಹಣಿಯಲ್ಲಿದೆ, ಸಂಕಲ್ಪದಲ್ಲಿದೆ. ಹೆಣ್ಣುಮಗಳು ತವರಿನ ಮರದಲ್ಲಿ ‘ಕೊಟ್ಟಿದೆ’ ಎಂಬ ಒಂದು ಮಾತಿನಲ್ಲಿ ಮುಗಿಯುತ್ತಾಳೆ. ಗಂಡನ ಮರಕ್ಕೆ ಬಂದರೆ ಅಲ್ಲಿ ಅವಳಿಗೆ ಅಪ್ಪ ಅಮ್ಮ ಯಾರೂ ಇಲ್ಲ, ಆಕಾಶದಿಂದ ಬಿದ್ದವಳ ಹಾಗೆ ಗಂಡನ ಪಕ್ಕದಲ್ಲಿ ಕೂತಿರುತ್ತಾಳೆ. ಅವಳನ್ನು ಹಿಡಿದಿರುವುದು ಮದುವೆಯ ಒಂದೇ ದಾರ. ಮಕ್ಕಳಾಗದೆ ಹೋದರೆ, ಬೇಗ ಸತ್ತರೆ, ಗಂಡ ಮತ್ತೊಬ್ಬಳನ್ನು ತಂದರೆ, ಆ ದಾರವೂ ಹೋಯಿತು.

ಇದೇನು ಹೊಸದಲ್ಲ ಬಿಡಿ. ಮಹಾಭಾರತದಲ್ಲಿ ಕೌರವರು ನೂರು ಮಂದಿಯ ಹೆಸರೂ ಪಟ್ಟಿಯಾಗಿದೆ. ಅವರಲ್ಲಿ ತೊಂಬತ್ತು ಮಂದಿ ಯುದ್ಧದಲ್ಲಿ ಸಾಯುವುದಕ್ಕಲ್ಲದೆ ಇನ್ನೇನಕ್ಕೆ ಉಪಯೋಗವಾದರೋ ನನಗಂತೂ ತಿಳಿಯದು. ಆದರೆ ಇಡೀ ಆಸ್ಥಾನದಲ್ಲಿ ಬುದ್ಧಿ ನೆಟ್ಟಗಿದ್ದ ವಿದುರನನ್ನು ಹೆತ್ತವಳಿಗೆ ಅಲ್ಲಿ ಹೆಸರಿಲ್ಲ. ದಾಸಿ, ಅಷ್ಟೆ.

ಎಲ್ಲ ಕಡೆಯೂ ಹೀಗೇ ಇರಬೇಕೆಂದೇನೂ ಇಲ್ಲ. ತುಳುನಾಡಿನ ಅಳಿಯಸಂತಾನದ ಮನೆಗಳನ್ನು ನೋಡಿ. ಅಲ್ಲಿ ಸಂತಾನ ಎಣಿಸುವುದು ತಾಯಿಯ ಕಡೆಯಿಂದ, ಬಳಿ ಬರುವುದು ತಾಯಿಯಿಂದ. ಮೂಲದಲ್ಲಿ ಕೂತಿರುವವಳು ಒಬ್ಬ ಅಜ್ಜಿ. ಮಗ ಆ ಕುಟುಂಬದವನು, ಮಗನ ಮಕ್ಕಳು ಮಾತ್ರ ಅವರ ತಾಯಿಯ ಕುಟುಂಬಕ್ಕೆ ಸೇರಿದವರು. ಅಂಥ ಮನೆಯ ವಂಶವೃಕ್ಷವನ್ನು ತಾಯಿಯ ದಾರ ಹಿಡಿದೇ ಗುಡಿಸಲು ಹೊರಟರೆ ಪೊರಕೆಗೆ ಸಿಗುವವರು ಗಂಡುಮಕ್ಕಳ ಸಂತಾನ. ಅಂದರೆ ಯಾರು ‘ಉಪಯೋಗಕ್ಕಿಲ್ಲ’ ಎಂಬುದು ಯಾರಿಂದ ಎಣಿಸಲು ಶುರುಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ತಂತ್ರಾಂಶವೂ ಇದನ್ನು ಮುಚ್ಚಿಡುವುದಿಲ್ಲ, ‘ಯಾರಿಗೆ ಸಂಬಂಧವಿಲ್ಲದವರು?’ ಎಂದು ಮೊದಲು ಒಬ್ಬರನ್ನು ಆರಿಸಿಕೊಳ್ಳಲು ಹೇಳುತ್ತದೆ. ನಮ್ಮ ಹುಡುಗ ಆರಿಸಿಕೊಂಡಿದ್ದು ತನ್ನ ಅಪ್ಪನ ಅಜ್ಜನನ್ನು. ಎಲ್ಲರೂ ಹಾಗೇ ಮಾಡುವುದು.

ಇನ್ನೊಂದು ಸಂಗತಿ ನನಗೆ ಆಮೇಲೆ ತಿಳಿಯಿತು, ತಿಳಿದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ. ಗುಡಿಸುವ ಈ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಒಬ್ಬಳ ಚೀಟಿ ಹೋಯಿತು ಎನ್ನಿ. ಆಗ ಅವಳೊಬ್ಬಳಿಗೇ ಅಂಟಿಕೊಂಡಿದ್ದ ಊರು ಯಾರಿಗೂ ಬೇಡದ ಊರಾಗುತ್ತದೆ. ಅವಳ ಬಗ್ಗೆ ಬರೆದ ಟಿಪ್ಪಣಿ ಯಾರದೂ ಅಲ್ಲದ ಟಿಪ್ಪಣಿಯಾಗುತ್ತದೆ. ಎರಡನೆಯ ಸಲ ಪೊರಕೆ ಆಡಿಸಿದಾಗ ಊರು ಹೋಗುತ್ತದೆ, ಟಿಪ್ಪಣಿ ಹೋಗುತ್ತದೆ, ಹೆಸರು ಎಲ್ಲಿಂದ ಬಂತೆಂದು ಹೇಳುವ ಪುಸ್ತಕದ ಪುಟವೂ ಹೋಗುತ್ತದೆ. ನಮ್ಮತ್ತೆಯವರ ತಾಯಿಯ ತವರು ಶರಾವತಿಯ ದಂಡೆಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ಏರಿದಾಗ ಹೊಲ, ತೋಟ, ಮನೆ, ಹಟ್ಟಿ ಎಲ್ಲ ಒಳಗೆ ಹೋದವು. ಆ ಊರಿಗೆ ಹೋಗುತ್ತೇನೆಂದು ಟಿಕೆಟು ಕೇಳಿದರೆ ಯಾವ ಬಸ್ಸಿನವನೂ ಕೊಡಲಾರ. ನಮ್ಮ ಮನೆಯ ಮಟ್ಟಿಗೆ ಅದು ಉಳಿದಿದ್ದುದು ಒಂದು ಲೆಕ್ಕದ ಪುಸ್ತಕದಲ್ಲಿ, ಅಲ್ಲಿಂದ ಹುಡುಗನ ಕಂಪ್ಯೂಟರಿನಲ್ಲಿ. ಈಗ ಅಲ್ಲೂ ಇಲ್ಲ. ಒಂದು ಊರನ್ನು ಎರಡು ಸಲ ಮುಳುಗಿಸಿದ ಹಾಗಾಯಿತು, ಎರಡನೆಯ ಸಲ ಪರಿಹಾರವೂ ಇಲ್ಲದೆ.

ಹೆಸರಿನ ಗೊಂದಲಕ್ಕೆ ಬರೋಣ. ಗಂಡಸರಿಗೆ ಒಂದು ಹೆಸರಾದರೆ ನಮಗೆ ಮೂರು. ಕರಾವಳಿಯ ಮತ್ತು ಮರಾಠಿ ಗಡಿಯ ಕಡೆಯ ಕೆಲವು ಸಮುದಾಯಗಳಲ್ಲಿ ಮದುವೆಯಾದೊಡನೆ ಹೊಸ ಸೊಸೆಗೆ ಹೊಸ ಹೆಸರು ಇಡುವ ಪದ್ಧತಿ ಇದೆ. ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆಯುತ್ತಾರೆ. ತುಂಗೆಯಾಗಿ ಮಂಟಪಕ್ಕೆ ಹೋದವಳು ರಮೆಯಾಗಿ ಹೊಸಿಲು ದಾಟುತ್ತಾಳೆ. ಅಕ್ಕಿಯನ್ನು ಮರುದಿನ ಯಾರೋ ಅನ್ನ ಮಾಡಿ ಬಡಿಸುತ್ತಾರೆ, ಹೆಸರು ಮಾತ್ರ ಸಾಯುವವರೆಗೂ ಅಂಟಿಕೊಂಡಿರುತ್ತದೆ. ಈಗ ತವರಿನವರ ಪಟ್ಟಿಯಿಂದ ತುಂಗೆಯ ಚೀಟಿ, ಅತ್ತೆಮನೆಯ ಪಟ್ಟಿಯಿಂದ ರಮೆಯ ಚೀಟಿ ಒಂದೇ ಪೆಟ್ಟಿಗೆಗೆ ಬಂದವು ಎಂದುಕೊಳ್ಳಿ. ರಮೆಗೆ ಗಂಡನ ದಾರ ಇದೆ, ಮಕ್ಕಳ ದಾರ ಇದೆ. ತವರಿನ ಪಟ್ಟಿಯಲ್ಲಿ ಬರೀ ಹೆಸರಿದ್ದ ತುಂಗೆಗೆ ಯಾವ ದಾರವೂ ಇಲ್ಲ. ಪೊರಕೆಗೆ ಸಿಗುವವಳು ತುಂಗೆ. ಹದಿನೈದೋ ಹದಿನಾರೋ ವರ್ಷ ಅಪ್ಪ ಅಮ್ಮ ಕೂಗಿದ ಹೆಸರು, ಹುಡುಗಿ ಹಿಂತಿರುಗಿ ನೋಡುತ್ತಿದ್ದ ಹೆಸರು, ಉಪಯೋಗಕ್ಕಿಲ್ಲ!

ತಮಾಷೆ ಏನೆಂದರೆ, ಜೆಡ್‌ಕಾಮ್ ಮಾಡಿದವರು ಇದನ್ನು ಯೋಚಿಸಿಲ್ಲದೆ ಇಲ್ಲ. ಒಬ್ಬರ ಚೀಟಿಯಲ್ಲಿ ಎಷ್ಟು ಹೆಸರನ್ನಾದರೂ ಬರೆಯಲು ಅವರ 1996ರ ಆವೃತ್ತಿಯಲ್ಲೇ ಅವಕಾಶವಿದೆ. ತವರಿನ ಹೆಸರು ಒಂದು, ಅತ್ತೆಮನೆಯ ಹೆಸರು ಇನ್ನೊಂದು, ಕರೆಯುವ ಹೆಸರು ಮತ್ತೊಂದು ಎಂದು ಬರೆಯಬಹುದು. ಜಾಗ ಇದ್ದರೂ ಬರೆಯುವ ತಾಳ್ಮೆ ಯಾರಿಗಿದೆ?

ಒಂದೇ ವ್ಯಕ್ತಿ ಎರಡು ಸಲ ಬಂದಿದ್ದರೆ ಹುಡುಕಿಕೊಡುವ ಉಪಕರಣವೂ ಇದೆ. ಅದಕ್ಕಾಗಿ ಕೆಲವು ತಂತ್ರಾಂಶಗಳು ‘ಸೌಂಡೆಕ್ಸ್’ ಎಂಬ ಲೆಕ್ಕ ಬಳಸುತ್ತವೆ. 1918ರಲ್ಲೇ ಅಮೆರಿಕದಲ್ಲಿ ಪೇಟೆಂಟು ಪಡೆದ ಲೆಕ್ಕ ಅದು. ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಒಂದೇ ತರಹ ಕೇಳಿಸುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು. ಇದನ್ನು ಮಾಡಿದ್ದು ಅಲ್ಲಿಯ ಕುಲನಾಮಗಳಿಗೆ. ನಮ್ಮ ಅಜ್ಜಿಯರಿಗೆ ಕುಲನಾಮ ಎಲ್ಲಿತ್ತು? ಕಾಗದ ಪೆನ್ಸಿಲು ಹಿಡಿದು ಈ ಲೆಕ್ಕವನ್ನು ನಮ್ಮ ಹೆಸರುಗಳಿಗೆ ಹಚ್ಚಿ ನೋಡಿದೆ. ಪದ್ಮಳಿಗೂ ಪುಟ್ಟಮ್ಮನಿಗೂ ಒಂದೇ ಸಂಖ್ಯೆ: ಪಿ 350. ಲಕ್ಷ್ಮಿಗೂ ಲಕ್ಕಮ್ಮನಿಗೂ ಒಂದೇ: ಎಲ್ 250. ಕಮಲ ಕೋಮಲ ಎಂದು ಅಕ್ಕತಂಗಿಯರಿಗೆ ಜೋಡಿ ಹೆಸರಿಡುವುದು ನಮ್ಮಲ್ಲಿ ಎಷ್ಟು ಮನೆಯಲ್ಲಿಲ್ಲ? ಇಬ್ಬರಿಗೂ ಕೆ 540. ‘ಇವರಿಬ್ಬರೂ ಒಬ್ಬರೇ ಇರಬಹುದೇ?’ ಎಂದು ಅದು ಕೇಳುತ್ತದೆ. ‘ಹೌದು’ ಎಂದು ಒತ್ತುವವನಿಗೆ ಒಂದು ಕ್ಷಣದ ಕೆಲಸ. ಅಕ್ಕನೂ ತಂಗಿಯೂ ಒಬ್ಬಳೇ ಆಗಿ, ಒಬ್ಬಳಿಗೆ ಎಂಟು ತಿಂಗಳ ಅಂತರದಲ್ಲಿ ಎರಡು ಹೆರಿಗೆಯಾಗಿ, ಆಮೇಲೆ ಅದೇ ತಂತ್ರಾಂಶ ‘ಇಲ್ಲೇನೋ ತಪ್ಪಿದೆ’ ಎಂದು ಕೆಂಪು ಗುರುತು ತೋರಿಸುತ್ತದೆ.

ಹೆಸರು ಸರಿಯಿಲ್ಲವೆಂದು ಹೆಂಗಸರನ್ನು ಪಟ್ಟಿಯಿಂದ ತೆಗೆದ ದೊಡ್ಡ ಕಥೆಯೊಂದು ನಮ್ಮ ದೇಶದಲ್ಲೇ ಇದೆ. 1951-52ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ. ಮತದಾರರ ಪಟ್ಟಿ ಮಾಡಲು ಹೋದವರಿಗೆ ಉತ್ತರ ಭಾರತದ ಹಲವು ಕಡೆ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಹೆಸರಿಲ್ಲದೆ ಮತವಿಲ್ಲ ಎಂದು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಗಟ್ಟಿಯಾಗಿ ನಿಂತರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಸೇನ್ ಅವರ ಉದ್ದೇಶ ನನಗೆ ಅರ್ಥವಾಗುತ್ತದೆ. ಹೆಣ್ಣಿಗೆ ತನ್ನದೇ ಹೆಸರಿರಲಿ ಎಂಬ ಹಟ ಅದು, ಮುಂದೆ ಅದರಿಂದ ಒಳ್ಳೆಯದೂ ಆಯಿತು. ಆದರೂ ಆ ಸಲ ಮತಗಟ್ಟೆಯ ಹೊರಗೆ ನಿಂತವರು ಹೆಸರು ಹೇಳಬಾರದೆಂದು ಕಲಿಸಿದ ಮಾವಂದಿರಲ್ಲ, ಕಲಿತ ಸೊಸೆಯಂದಿರು. ಪಟ್ಟಿ ಶುದ್ಧವಾಗಬೇಕಾದಾಗ ಅದರ ಬೆಲೆ ಕೊಡುವವರು ಯಾರೆಂದು ನೋಡಿ.

ನಗುವ ಮಾತು ಇಲ್ಲಿಗೆ ಸಾಕು. ವಂಶವೃಕ್ಷ ಎಂದರೆ ಗೋಡೆಗೆ ಹಾಕುವ ಚಿತ್ರ ಮಾತ್ರವಲ್ಲ ಎಂಬುದು ಅಪ್ಪ ತೀರಿಕೊಂಡ ಮನೆಯ ಹೆಣ್ಣುಮಕ್ಕಳಿಗೆ ಗೊತ್ತು. ಪೌತಿ ಖಾತೆಗೆ ಅರ್ಜಿ ಹಾಕಬೇಕಾದರೆ ವಂಶವೃಕ್ಷ ಬೇಕು. ಕುಟುಂಬದಲ್ಲಿ ಯಾರು ಯಾರಿದ್ದಾರೆಂದು ಅರ್ಜಿ ಹಾಕುವವನೇ ಪ್ರಮಾಣ ಮಾಡಿ ಬರೆದುಕೊಡುತ್ತಾನೆ. ಅಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ನಾನು ಒಂದು ಮನೆಯಲ್ಲಿ ಕಂಡದ್ದಲ್ಲ. ಕೇಳಿದರೆ, ‘ಅವಳೆಲ್ಲಿ ಇದ್ದಾಳೆ ಇಲ್ಲಿ? ಕೊಟ್ಟ ಹೆಣ್ಣು’ ಎನ್ನುತ್ತಾರೆ. ಅದೇ ಮಾತು ನೋಡಿ. ಬಳಕೆಯಲ್ಲಿಲ್ಲದ ಹೆಸರು.

ಕಾನೂನು ಹಾಗೆ ಹೇಳುವುದಿಲ್ಲ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಪಾಲು ಕೊಟ್ಟಿತು. ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬರುವಂಥದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಹೇಳಿತು. ಇಷ್ಟೆಲ್ಲ ಇದ್ದೂ, ವಂಶವೃಕ್ಷದಲ್ಲಿ ಹೆಸರಿಲ್ಲದವಳು ಮೊದಲು ತಾನು ಹುಟ್ಟಿದ್ದೇನೆಂದು ಸಾಬೀತು ಮಾಡಬೇಕು. ಅದಕ್ಕೆ ವಕೀಲರು, ಅದಕ್ಕೆ ವಾಯಿದೆ, ಅಣ್ಣತಮ್ಮಂದಿರ ಮನೆಯ ಬಾಗಿಲು ಮುಚ್ಚುವ ಭಯ. ಪಾಲು ಬೇಡವೆನ್ನುವ ಹೆಣ್ಣುಮಗಳಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡುವ ದಾರಿ ಇದೆ. ಬಿಟ್ಟುಕೊಡುವುದಕ್ಕೂ ಮೊದಲು ಅವಳು ಕಾಗದದ ಮೇಲೆ ಇರಬೇಕಲ್ಲ!

ಮನೆಯ ಕಂಪ್ಯೂಟರಿಗೂ ಕಂದಾಯದ ಕಾಗದಕ್ಕೂ ಏನು ಸಂಬಂಧ ಎಂದು ಹುಡುಗ ಕೇಳಿದ. ಇದೆಯಪ್ಪ. ನೀಟಾಗಿ ಮುದ್ರಿಸಿ ಚೌಕಟ್ಟು ಹಾಕಿಸಿದ ಮರವನ್ನೇ ನೋಡಿಕೊಂಡು ನಾಳೆ ನಿನ್ನ ಮಕ್ಕಳು ಅರ್ಜಿ ತುಂಬುತ್ತಾರೆ. ಹಳೆಯ ಲೆಕ್ಕದ ಪುಸ್ತಕ ಅಷ್ಟು ಹೊತ್ತಿಗೆ ಗೆದ್ದಲಿಗೆ ಹೋಗಿರುತ್ತದೆ. ‘ನಮ್ಮ ಮುತ್ತಜ್ಜನಿಗೆ ಮೂರೇ ಮಕ್ಕಳು, ಇಲ್ಲಿದೆ ನೋಡಿ’ ಎಂದು ಅವರು ಸುಳ್ಳೆಂದು ತಿಳಿಯದೆ ಪ್ರಮಾಣ ಮಾಡುತ್ತಾರೆ.

ಅವನ ವಾದವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾದೀತು. ಬೇರೆಯವರ ಕಡತವನ್ನು ತಂದು ಸೇರಿಸಿದಾಗ ಯಾರೋ ಏನೋ ಸಾವಿರ ಹೆಸರು ಬಂದು ಕೂರುತ್ತವಂತೆ. ಒಂದೇ ಊರು ನಾಲ್ಕು ತರಹದ ಕಾಗುಣಿತದಲ್ಲಿ ಬರುತ್ತದಂತೆ. ಹುಡುಕಿದ್ದು ಸಿಗುವುದಿಲ್ಲವಂತೆ. ಒಪ್ಪಿದೆ. ಸಾಗರವನ್ನು ನಾಲ್ಕು ವಿಧದಲ್ಲಿ ಬರೆದಿದ್ದರೆ ಮೂರನ್ನು ತೆಗೆ, ನನ್ನದೇನೂ ತಕರಾರಿಲ್ಲ. ಖಾಲಿ ಚೀಟಿ, ತಪ್ಪಿ ಎರಡು ಸಲ ಒತ್ತಿದ ಅಕ್ಷರ, ಇವೆಲ್ಲ ನಿಜವಾದ ಕಸ. ಮನುಷ್ಯರ ಹೆಸರು ಆ ಜಾತಿಯದಲ್ಲ. ಯಾರೋ ಒಬ್ಬಳು ಅದನ್ನು ಬರೆದಿಟ್ಟಿದ್ದಾಳೆ ಎಂದಾದ ಮೇಲೆ ಅಲ್ಲಿ ಒಂದು ಪ್ರಶ್ನೆ ಇದೆ. ಉತ್ತರ ಸಿಗಲಿಲ್ಲವೆಂದು ಪ್ರಶ್ನೆಯನ್ನೇ ಅಳಿಸುವ ಹುಡುಗನಿಗೆ ಶಾಲೆಯಲ್ಲಿ ಎಷ್ಟು ಅಂಕ ಕೊಡುತ್ತಿದ್ದರು?

ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು. ಉತ್ತರ ಕರ್ನಾಟಕದ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆಯ ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುತ್ತಿದ್ದರು. ಸೇರಿಸುವುದು ಅವರ ಕಸುಬು. ತರ್ಪಣ ಬಿಡುವುದನ್ನು ನೀವು ಬಾಗಿಲ ಮರೆಯಲ್ಲಿ ನಿಂತು ಕೇಳಿರಬಹುದು. ತಂದೆ, ಅಜ್ಜ, ಮುತ್ತಜ್ಜ. ಆಮೇಲೆ ತಾಯಿ, ಅಜ್ಜಿ, ಮುತ್ತಜ್ಜಿ. ಆಮೇಲೆ ತಾಯಿಯ ಕಡೆಯವರು. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಇನ್ನೊಂದು ಇದೆ. ತಾಯಿ ಇಲ್ಲದ, ತಂದೆ ಇಲ್ಲದ, ಬಂಧು ಇಲ್ಲದ, ಯಾವ ಗೋತ್ರದ ಸಂಬಂಧವೂ ಇಲ್ಲದವರು ಯಾರಿದ್ದಾರೋ ಅವರೆಲ್ಲರಿಗೂ ಎಂದು ದರ್ಭೆಯ ನೀರು ಬಿಡುತ್ತಾರೆ. ಶಾಸ್ತ್ರದ ಎಷ್ಟೋ ವಿಷಯದಲ್ಲಿ ನನಗೆ ಸಿಟ್ಟಿದೆ, ಅದನ್ನು ಬೇರೆ ಪ್ರಬಂಧದಲ್ಲಿ ಬರೆಯಬೇಕು. ಆದರೆ ದಾರವಿಲ್ಲದ ಚೀಟಿಗಳಿಗೂ ಒಂದು ಬೊಗಸೆ ನೀರು ಎತ್ತಿಟ್ಟ ಆ ಮನುಷ್ಯ ಯಾರೋ, ಅವನಿಗೆ ನಮಸ್ಕಾರ.

ಪುಣ್ಯಕ್ಕೆ ಹುಡುಗ ಗುಡಿಸುವ ಮುಂಚಿನ ಕಡತದ ಪ್ರತಿ ಇಟ್ಟುಕೊಂಡಿದ್ದ. ಆ ಬುದ್ಧಿಯಾದರೂ ಇತ್ತು. 63 ಹೆಸರುಗಳನ್ನೂ ವಾಪಸು ತರಿಸಿ, ‘ಗೊತ್ತಾಗಬೇಕಾದವರು’ ಎಂದು ಒಂದು ಗುರುತು ಹಾಕಿಸಿದ್ದೇನೆ. ಗುರುತು ಹಾಕುವ ಸೌಲಭ್ಯವೂ ಅದೇ ತಂತ್ರಾಂಶದಲ್ಲಿ ಇದೆ, ಅಳಿಸುವ ಗುಂಡಿಯಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಹೆಸರಿಲ್ಲದ ಕೂಸುಗಳಿಗೆ ‘ಹೆಣ್ಣು ಕೂಸು’ ಎಂದೇ ಬರೆಸಿದ್ದೇನೆ, ದಿನದ ಲೆಕ್ಕದ ಸಮೇತ. ನಿಮ್ಮ ಮನೆಯಲ್ಲೂ ಯಾರಾದರೂ ಈ ಕೆಲಸಕ್ಕೆ ಕೂತಿದ್ದರೆ, ಕಾಫಿ ಕೊಡುವ ನೆಪದಲ್ಲಿ ಹತ್ತಿರ ಹೋಗಿ ‘ಎಷ್ಟು ಹೆಸರು ತೆಗೆದೆ?’ ಎಂದು ಕೇಳಿ. ಪಟ್ಟಿ ತೋರಿಸುವವರೆಗೆ ಲೋಟ ಕೈಗೆ ಕೊಡಬೇಡಿ. ತವರಿನ ಹೆಸರು, ತವರೂರು, ತಾಯಿಯ ಹೆಸರು, ತಾಯಿಯ ತವರೂರು, ಇವಿಷ್ಟನ್ನು ನೀವೇ ಒಂದು ಹಾಳೆಯಲ್ಲಿ ಬರೆದಿಡಿ. ನೀವು ಹೇಳದಿದ್ದರೆ ಹೇಳುವವರು ಇನ್ನಾರೂ ಇಲ್ಲ.

ಕುಟುಂಬ ಸೇರುವುದು ಬರುವ ಮೇ ತಿಂಗಳಲ್ಲಿ. ಬ್ಯಾನರು ಹನ್ನೆರಡು ಅಡಿ ಉದ್ದವಂತೆ, ಈ ಹೆಸರುಗಳಿಗೆ ಅದರಲ್ಲಿ ಜಾಗವಿಲ್ಲವಂತೆ. ಇನ್ನು ಮೂರು ಅಡಿ ಸೇರಿಸಿದರೆ ಎಷ್ಟಾಗುತ್ತದೆಂದು ಮುದ್ರಣದ ಅಂಗಡಿಯಲ್ಲಿ ಕೇಳಿಕೊಂಡು ಬಾ ಎಂದಿದ್ದೇನೆ. ದುಡ್ಡು ನಾನು ಕೊಡುತ್ತೇನೆ.